ರೋಗಿಯ ಮೈ ತೊಳೆಯುವುದೂ ಪ್ರಾರ್ಥನೆಯೇ: ಸಂತ ಕಮಿಲ್ಲಸರ ಜೀವನ

ಪ್ರತಿವರ್ಷ ಜುಲೈ 14ರಂದು ಧರ್ಮಸಭೆಯು ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಹಬ್ಬವನ್ನು ಆಚರಿಸುತ್ತದೆ. ಅವರು ರೋಗಿಗಳ, ಆಸ್ಪತ್ರೆಗಳ ಮತ್ತು ದಾದಿಯರ ಪಾಲಕ ಸಂತರು. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಲ್ಲಿ ಮಗಳೋ ಸೊಸೆಯೋ ನರ್ಸ್ ಆಗಿ ದುಡಿಯುತ್ತಿದ್ದಾರೆ. ಆದುದರಿಂದ ಈ ಸಂತರ ಹೆಸರು ನಮಗೆ ತೀರಾ ಅಪರಿಚಿತವೇನಲ್ಲ. ಆಸ್ಪತ್ರೆಯ ಪ್ರಾರ್ಥನಾಲಯದ ಗೋಡೆಯಲ್ಲಿ, ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ ರೋಗಿಯನ್ನು ತೋಳಿನಲ್ಲಿ ಎತ್ತಿಕೊಂಡಿರುವ ಅವರ ಚಿತ್ರವನ್ನು ಹಲವರು ಕಂಡಿರಬಹುದು.

ಆದರೆ ಅವರ ಬದುಕಿನ ಒಂದು ಮುಖವನ್ನು ನಾವು ಹೆಚ್ಚಾಗಿ ಗಮನಿಸಿಲ್ಲ. 2020ರ ಕೊರೋನಾ ದಿನಗಳಲ್ಲಿ ಅದು ಹೊಸದಾಗಿ ನೆನಪಿಗೆ ಬಂತು. ಆ ವರ್ಷ ಮಾರ್ಚ್ 25ರಿಂದ ದೇಶವಿಡೀ ಲಾಕ್‌ಡೌನ್ ಜಾರಿಯಾಯಿತು. ಮನೆಯಲ್ಲೇ ಇರಿ, ಸಾಬೂನಿನಿಂದ ಆಗಾಗ ಕೈ ತೊಳೆಯಿರಿ ಎಂದು ರೇಡಿಯೋ, ಟಿ.ವಿ., ಮೊಬೈಲು ಎಲ್ಲವೂ ಹೇಳುತ್ತಿದ್ದವು. ಮನೆಯೇ ಇಲ್ಲದವರು ಎಲ್ಲಿರಬೇಕು? ನಳ್ಳಿಯೇ ಇಲ್ಲದವರು ಕೈ ಎಲ್ಲಿ ತೊಳೆಯಬೇಕು? ಬಸ್ ನಿಲ್ದಾಣದ ಕಟ್ಟೆಯಲ್ಲಿ, ಅಂಗಡಿಗಳ ಜಗಲಿಯಲ್ಲಿ ಮಲಗುವವರಿಗೆ ಉಳಿದ ದಿನಗಳಲ್ಲಿ ಹೋಟೆಲಿನ ಹಿಂಬದಿಯಲ್ಲೋ ನಿಲ್ದಾಣದ ಶೌಚಾಲಯದಲ್ಲೋ ಒಂದಿಷ್ಟು ನೀರು ಸಿಗುತ್ತಿತ್ತು. ಹೋಟೆಲು ಮುಚ್ಚಿ ಬಸ್ಸು ನಿಂತಾಗ ಆ ನೀರಿಗೂ ಬಾಗಿಲು ಬಿತ್ತು. ಊಟದ ಪೊಟ್ಟಣ ಹಂಚಲು ಅನೇಕರು ಮುಂದೆ ಬಂದರು. ನಮ್ಮ ಧರ್ಮಕೇಂದ್ರಗಳ ಸಂಘಟನೆಗಳೂ ಉದಾರವಾಗಿ ದುಡಿದವು. ಆದರೆ ಸ್ನಾನಕ್ಕೆ ನೀರು, ತುಂಡು ಸಾಬೂನು, ಉಡಲು ಒಗೆದ ಬಟ್ಟೆ ಇವುಗಳ ಯೋಚನೆ ಬಂದದ್ದು ಕಡಿಮೆ.

ನಾಲ್ಕು ಶತಮಾನಗಳ ಹಿಂದೆ ರೋಮ್ ನಗರದಲ್ಲಿ ಇಂಥದ್ದೇ ಸಂಕಟ ಬಂದಾಗ ಸಂತ ಕಮಿಲ್ಲಸರು ಏನು ಮಾಡಿದರು? ಅವರು ಆ ದಾರಿ ಹಿಡಿದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಅವರ ಬಾಲ್ಯದಿಂದಲೇ ಆರಂಭಿಸಬೇಕು.

ತಾಯಿಯ ಕನಸು, ಮಗನ ಜೂಜು

ಕಮಿಲ್ಲಸರು ಹುಟ್ಟಿದ್ದು 1550ರ ಮೇ 25ರಂದು, ಇಟಲಿಯ ಅಬ್ರುಝೊ ಪ್ರಾಂತ್ಯದ ಬುಕ್ಕಿಯಾನಿಕೊ ಎಂಬ ಸಣ್ಣ ಊರಿನಲ್ಲಿ. ತಂದೆ ಜೊವಾನ್ನಿ ದೆ ಲೆಲ್ಲಿಸ್ ಸೈನಿಕರು. ತಾಯಿ ಕಮಿಲ್ಲಾ. ಮಕ್ಕಳಾಗುವ ವಯಸ್ಸು ಮೀರಿದ ಮೇಲೆ ಹುಟ್ಟಿದ ಮಗ ಇವರು. ಮಗು ಹುಟ್ಟುವ ಮೊದಲು ತಾಯಿಗೆ ಒಂದು ಕನಸು ಬಿದ್ದಿತ್ತು ಎಂದು ಹೇಳುತ್ತಾರೆ. ಎದೆಯಲ್ಲಿ ಕೆಂಪು ಶಿಲುಬೆ ಹೊತ್ತ ಹುಡುಗನೊಬ್ಬ, ಅಂಥದೇ ಶಿಲುಬೆ ಧರಿಸಿದ ಹುಡುಗರ ಗುಂಪಿನ ಮುಂದೆ ನಡೆಯುತ್ತಿದ್ದ. ಮಗ ದರೋಡೆಕೋರರ ನಾಯಕನಾಗಿ ಗಲ್ಲಿಗೇರುವನೋ ಏನೋ ಎಂದು ತಾಯಿ ಹೆದರಿದರಂತೆ.

ಹುಡುಗನ ನಡತೆ ನೋಡಿದರೆ ಆ ಹೆದರಿಕೆ ನಿಜವಾಗುವಂತೆಯೇ ಇತ್ತು. ಕಮಿಲ್ಲಸರಿಗೆ ಹದಿಮೂರರ ಆಸುಪಾಸಿನಲ್ಲಿ ತಾಯಿ ತೀರಿಕೊಂಡರು. ಓದಿನಲ್ಲಿ ಮನಸ್ಸಿಲ್ಲ, ಇಸ್ಪೀಟು ಮತ್ತು ದಾಳದಾಟದಲ್ಲಿ ಮಾತ್ರ ಆಸಕ್ತಿ. ಆರಡಿಗೂ ಮೀರಿದ ಎತ್ತರ, ಮುಂಗೋಪ. ತಂದೆಯ ಜೊತೆ ತಾವೂ ಸೈನ್ಯ ಸೇರಲು ಹೊರಟರು. 1570ರಲ್ಲಿ ದಾರಿಯಲ್ಲೇ ತಂದೆಯೂ ತೀರಿಕೊಂಡರು. ಅದೇ ಸಮಯದಲ್ಲಿ ಕಮಿಲ್ಲಸರ ಕಾಲಿನಲ್ಲಿ ಒಂದು ಹುಣ್ಣು ಎದ್ದಿತು. ಆ ಹುಣ್ಣು ಅವರನ್ನು ಸಾಯುವ ತನಕ ಬಿಡಲಿಲ್ಲ.

1571ರಲ್ಲಿ ಹುಣ್ಣಿನ ಚಿಕಿತ್ಸೆಗೆಂದು ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ಬಂದರು. ವಾಸಿಯಾಗದ ರೋಗಿಗಳಿಗಾಗಿಯೇ ಇದ್ದ ಆಸ್ಪತ್ರೆ ಅದು. ಖರ್ಚಿಗೆ ಹಣವಿಲ್ಲದ್ದರಿಂದ ಅಲ್ಲೇ ಆಳಾಗಿ ದುಡಿದರು. ಆದರೆ ಜೂಜು ಬಿಡಲಿಲ್ಲ, ಜಗಳವೂ ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ಆಸ್ಪತ್ರೆಯವರು ಹೊರಗೆ ಹಾಕಿದರು. ಮುಂದೆ ರೋಗಿಗಳ ಪಾಲಕ ಸಂತರಾದವರು, ಒಮ್ಮೆ ಆಸ್ಪತ್ರೆಯಿಂದ ಹೊರದೂಡಲ್ಪಟ್ಟ ಕೆಲಸಗಾರರು ಎಂಬುದನ್ನು ನಾವು ಮರೆಯಬಾರದು.

ಇಗರ್ಜಿಯ ಮೆಟ್ಟಿಲಲ್ಲಿ ಭಿಕ್ಷೆ

ಅನಂತರ ಕೆಲವು ವರ್ಷ ವೆನಿಸ್ ಗಣರಾಜ್ಯದ ಪರವಾಗಿ ಯುದ್ಧ. 1574ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ನೇಪಲ್ಸ್ ನಗರಕ್ಕೆ ಬಂದಾಗ ಜೂಜಿನಲ್ಲಿ ಎಲ್ಲವನ್ನೂ ಸೋತರು. ಖಡ್ಗ ಹೋಯಿತು, ಕೋವಿ ಹೋಯಿತು, ಕೊನೆಗೆ ಮೈಮೇಲಿನ ಅಂಗಿಯೂ ಹೋಯಿತು. ಮನೆಯಿಲ್ಲ, ಬಂಧುಗಳಿಲ್ಲ, ಕೈಯಲ್ಲಿ ಕಾಸಿಲ್ಲ. ಊರೂರು ಅಲೆಯುತ್ತಾ ಕಡಲ ತೀರದ ಮನ್‌ಫ್ರೆದೋನಿಯಾ ಪಟ್ಟಣ ಸೇರಿ, ಅಲ್ಲಿನ ಇಗರ್ಜಿಯ ಬಾಗಿಲಲ್ಲಿ ಕೈಯೊಡ್ಡಿ ನಿಂತರು. ಚಳಿಗಾಲ ಬೇರೆ. ಇಪ್ಪತ್ತನಾಲ್ಕು ವರ್ಷದ ಗಟ್ಟಿಮುಟ್ಟಾದ ಆಳು, ಕಾಲಲ್ಲಿ ಸೋರುವ ಹುಣ್ಣು, ಮೈಮೇಲೆ ಹರಿದ ಬಟ್ಟೆ. ಬೀದಿಯಲ್ಲಿ ಬದುಕುವುದೆಂದರೇನು ಎಂಬುದನ್ನು ಕಮಿಲ್ಲಸರು ಪುಸ್ತಕ ಓದಿ ತಿಳಿದವರಲ್ಲ.

ಆ ಊರಿನಲ್ಲಿ ಕಪುಚಿನ್ ಸಭೆಯವರ ಮಠದ ಕಟ್ಟಡ ಏಳುತ್ತಿತ್ತು. ದಾರಿಹೋಕರೊಬ್ಬರು ಇವರನ್ನು ಕಂಡು ಆ ಕೆಲಸಕ್ಕೆ ಸೇರಿಸಿದರು. ಕತ್ತೆಗಳ ಮೇಲೆ ಕಟ್ಟಡದ ಸಾಮಾನು ಹೇರಿ ತರುವುದು ಇವರ ಪಾಲಿನ ಕೆಲಸವಾಯಿತು. 1575ರ ಫೆಬ್ರವರಿ ಆರಂಭದಲ್ಲಿ ಸಾನ್ ಜೊವಾನ್ನಿ ರೊತೊಂದೊ ಎಂಬ ಊರಿನ ಮಠಕ್ಕೆ ಇವರನ್ನು ಕಳುಹಿಸಿದರು. ಮುಂದೆ ಸಂತ ಪಾದ್ರೆ ಪಿಯೊ ಅವರಿಂದ ಜಗತ್ಪ್ರಸಿದ್ಧವಾದ ಊರು ಅದೇ. ಅಲ್ಲಿ ರಾತ್ರಿ ಗುರುಗಳೊಬ್ಬರು ದೇವರ ಕುರಿತು, ಪಾಪದ ಕುರಿತು ಇವರೊಂದಿಗೆ ಮಾತನಾಡಿದರು. ಮರುದಿನ ಫೆಬ್ರವರಿ 2, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಹಿಂದಿರುಗುವ ದಾರಿಯಲ್ಲಿ ಆ ಮಾತುಗಳು ಮನಸ್ಸನ್ನು ಕೊರೆದವು. ಕಮಿಲ್ಲಸರು ಕತ್ತೆಯಿಂದಿಳಿದು ಕಲ್ಲುನೆಲದಲ್ಲಿ ಮೊಣಕಾಲೂರಿ, ವ್ಯರ್ಥವಾಗಿ ಕಳೆದ ವರ್ಷಗಳಿಗಾಗಿ ಅತ್ತರು. ಅಂದಿನಿಂದ ಅವರು ಬೇರೆಯೇ ಮನುಷ್ಯರಾದರು. ಜೀವನವಿಡೀ ಆ ದಿನವನ್ನು ತಮ್ಮ ಪರಿವರ್ತನೆಯ ದಿನವೆಂದು ಸ್ಮರಿಸಿದರು.

ಕಪುಚಿನ್ ಸನ್ಯಾಸಿಯಾಗಬೇಕೆಂಬ ಆಸೆ ಹುಟ್ಟಿತು. ಎರಡು ಬಾರಿ ಆ ಸಭೆ ಸೇರಿದರು. ಎರಡೂ ಬಾರಿ ಕಾಲಿನ ಹುಣ್ಣು ಮತ್ತೆ ಬಾಯ್ತೆರೆದು ಅವರನ್ನು ಹೊರಗೆ ಕಳುಹಿಸಿತು. ಹುಣ್ಣು ಅವರನ್ನು ಮತ್ತೆ ಮತ್ತೆ ಕರೆದೊಯ್ದದ್ದು ಒಂದೇ ಜಾಗಕ್ಕೆ: ಹಿಂದೆ ಅವರನ್ನು ಹೊರಹಾಕಿದ್ದ ರೋಮಿನ ಅದೇ ಆಸ್ಪತ್ರೆಗೆ. ಈ ಸಲ ಅವರು ಹೊಸ ಮನುಷ್ಯರಾಗಿ ಬಂದಿದ್ದರು. ದುಡಿಮೆ ಮತ್ತು ಪ್ರಾಮಾಣಿಕತೆ ಕಂಡ ಆಡಳಿತದವರು ಕಾಲಕ್ರಮದಲ್ಲಿ ಇಡೀ ಆಸ್ಪತ್ರೆಯ ಮೇಲ್ವಿಚಾರಣೆಯನ್ನೇ ಅವರಿಗೆ ಒಪ್ಪಿಸಿದರು. ಆಗ ಅವರಿಗೆ ಆತ್ಮಿಕ ಮಾರ್ಗದರ್ಶನ ನೀಡುತ್ತಿದ್ದವರು ಸಂತ ಫಿಲಿಪ್ ನೇರಿ.

ಕೂಲಿಗಾಗಿ ಅಲ್ಲ, ಪ್ರೀತಿಗಾಗಿ

ಅಂದಿನ ಆಸ್ಪತ್ರೆಗಳ ಸ್ಥಿತಿ ಇಂದು ಊಹಿಸಲೂ ಕಷ್ಟ. ಸ್ವಂತ ಮನೆಯುಳ್ಳವರು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. ಆಸ್ಪತ್ರೆಗೆ ಬರುತ್ತಿದ್ದವರು ಹೆಚ್ಚಾಗಿ ದಿಕ್ಕಿಲ್ಲದವರು, ಪರವೂರಿನ ಯಾತ್ರಿಕರು, ಬೀದಿಯಲ್ಲಿ ಬಿದ್ದವರು. ಅವರನ್ನು ನೋಡಿಕೊಳ್ಳುತ್ತಿದ್ದವರು ಕಡಿಮೆ ಕೂಲಿಯ ಆಳುಗಳು. ಬೇರೆಲ್ಲೂ ಕೆಲಸ ಸಿಗದವರು ಅಲ್ಲಿಗೆ ಬರುತ್ತಿದ್ದುದೂ ಉಂಟು. ಹಾಸಿಗೆ ಬದಲಿಸುವವರಿಲ್ಲ, ಗಾಯ ತೊಳೆಯುವವರಿಲ್ಲ. ಸಾಯುವವರ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುವವರೂ ಇಲ್ಲ.

1582ರ ಆಗಸ್ಟ್ ತಿಂಗಳು, ಮೇರಿ ಮಾತೆಯ ಸ್ವರ್ಗಸ್ವೀಕಾರ ಹಬ್ಬದ ಆಸುಪಾಸು. ಒಂದು ರಾತ್ರಿ ವಾರ್ಡಿನಲ್ಲಿ ರೋಗಿಗಳ ನಡುವೆ ಎಚ್ಚರವಿದ್ದಾಗ ಕಮಿಲ್ಲಸರಿಗೆ ಒಂದು ಯೋಚನೆ ಹೊಳೆಯಿತು. ಕೂಲಿಗಾಗಿ ಅಲ್ಲದೆ ದೇವರ ಪ್ರೀತಿಗಾಗಿ, ತಾಯಿಯೊಬ್ಬಳು ತನ್ನ ಒಬ್ಬನೇ ಮಗನನ್ನು ನೋಡಿಕೊಳ್ಳುವಂತೆ ರೋಗಿಗಳನ್ನು ನೋಡಿಕೊಳ್ಳುವ ಒಂದು ತಂಡ ಕಟ್ಟಬೇಕು. ಆರಂಭದಲ್ಲೇ ವಿರೋಧ ಎದುರಾಯಿತು. ಇವರು ಆಸ್ಪತ್ರೆಯನ್ನೇ ವಶಪಡಿಸಿಕೊಳ್ಳುತ್ತಾರೆ ಎಂದು ಅನುಮಾನಿಸಿದವರಿದ್ದರು. ಸೋತು ಕುಳಿತ ಕಮಿಲ್ಲಸರಿಗೆ, ಶಿಲುಬೆಯ ಮೇಲಿನ ಪ್ರಭು ತೋಳು ಚಾಚಿ, ಈ ಕೆಲಸ ನನ್ನದೇ, ಅಂಜದೆ ಮುಂದುವರಿಸು ಎಂದು ಧೈರ್ಯ ತುಂಬಿದಂತೆ ಅನುಭವವಾಯಿತು ಎಂದು ಅವರ ಸಭೆಯ ಪರಂಪರೆ ಹೇಳುತ್ತದೆ.

ಗುರುವಾದರೆ ಸೇವೆ ಸುಗಮವಾಗುವುದೆಂದು ಸಂತ ಫಿಲಿಪ್ ನೇರಿಯವರಿಗೂ ಇತರ ಹಿತೈಷಿಗಳಿಗೂ ಅನಿಸಿತು. ಮೂವತ್ತೆರಡರ ವಯಸ್ಸಿನಲ್ಲಿ ಕಮಿಲ್ಲಸರು ಯೇಸು ಸಭೆಯ ವಿದ್ಯಾಲಯದಲ್ಲಿ ಎಳೆಯ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತು ಲ್ಯಾಟಿನ್ ಕಲಿತರು. 1584ರ ಮೇ 26ರಂದು ಯಾಜಕ ದೀಕ್ಷೆ ಪಡೆದರು. ದೀಕ್ಷೆ ನೀಡಿದವರು ಇಂಗ್ಲೆಂಡಿನಿಂದ ದೇಶಭ್ರಷ್ಟರಾಗಿ ರೋಮಿನಲ್ಲಿದ್ದ ಧರ್ಮಾಧ್ಯಕ್ಷ ಥಾಮಸ್ ಗೋಲ್ಡ್‌ವೆಲ್. ಕಮಿಲ್ಲಸರ ಚಿಕ್ಕ ತಂಡಕ್ಕೆ 1586ರ ಮಾರ್ಚ್ 18ರಂದು ಪೋಪ್ ಐದನೇ ಸಿಕ್ಸ್ತುಸ್ ಅವರ ಮನ್ನಣೆ ದೊರೆಯಿತು. ಅದೇ ವರ್ಷ ಜೂನ್ 26ರಂದು ಎದೆಯ ಮೇಲೆ ಕೆಂಪು ಶಿಲುಬೆ ಧರಿಸಲು ಅನುಮತಿಯೂ ಬಂತು. ತಾಯಿಯ ಕನಸಿನ ಅರ್ಥ ಈಗ ತಿಳಿಯಿತು. ಜಗತ್ತಿಗೆಲ್ಲ ಪರಿಚಿತವಾಗಿರುವ ರೆಡ್ ಕ್ರಾಸ್ ಸಂಸ್ಥೆ 1863ರಲ್ಲಿ ಹುಟ್ಟುವುದಕ್ಕೆ 277 ವರ್ಷ ಮೊದಲೇ ರೋಗಿಗಳ ಬಳಿ ಕೆಂಪು ಶಿಲುಬೆಯೊಂದು ಓಡಾಡುತ್ತಿತ್ತು.

ನೀರು, ಗಾಳಿ, ಒಗೆದ ಬಟ್ಟೆ

ಈ ತಂಡದವರು ದಿನವೂ ಸಂತೊ ಸ್ಪಿರಿತೊ ಎಂಬ ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದರು. ಪವಿತ್ರಾತ್ಮರ ಹೆಸರಿನ ಈ ಆಸ್ಪತ್ರೆ ವ್ಯಾಟಿಕನ್ ಬಳಿ ಟೈಬರ್ ನದಿಯ ದಂಡೆಯಲ್ಲಿದೆ. ಅಲ್ಲಿ ಅವರು ಮಾಡುತ್ತಿದ್ದ ಕೆಲಸದ ಪಟ್ಟಿ ನೋಡಿದರೆ ಇಂದಿನ ನರ್ಸಿಂಗ್ ಶಾಲೆಯ ಮೊದಲ ವರ್ಷದ ಪಾಠದಂತಿದೆ. ರೋಗಿಯ ಕೈಕಾಲು ತೊಳೆಯುವುದು, ಕೂದಲು ಉಗುರು ಕತ್ತರಿಸುವುದು, ಬಾಯಿ ಮುಕ್ಕಳಿಸಲು ನೀರು ಕೊಡುವುದು, ನಾಲಗೆ ಶುಚಿಗೊಳಿಸುವುದು, ಹಾಸಿಗೆ ಬದಲಿಸುವುದು, ಮಲಮೂತ್ರದ ಪಾತ್ರೆ ತೊಳೆಯುವುದು, ಉಣ್ಣಲಾಗದವರಿಗೆ ಉಣಿಸುವುದು, ಕೋಣೆಗೆ ಗಾಳಿ ಬರುವಂತೆ ನೋಡಿಕೊಳ್ಳುವುದು. ಇವನ್ನೆಲ್ಲ ಹೇಗೆ ಮಾಡಬೇಕೆಂದು ಕಮಿಲ್ಲಸರು ನಿಯಮಗಳನ್ನೇ ಬರೆದರು.

ಪ್ರಾಣ ಹೋಯಿತೆಂದು ಅವಸರದಲ್ಲಿ ರೋಗಿಯನ್ನು ಹೆಣದ ಕೋಣೆಗೆ ಸಾಗಿಸುವ ಅಭ್ಯಾಸ ಅಂದಿತ್ತು. ಜೀವವಿರುವಾಗಲೇ ಹಾಗೆ ಸಾಗಿಸಲ್ಪಟ್ಟವರಿದ್ದರು. ಅದನ್ನು ಕಂಡ ಕಮಿಲ್ಲಸರು, ಸತ್ತಂತೆ ಕಂಡ ಮೇಲೂ ಕಾಲು ಗಂಟೆ ಪ್ರಾರ್ಥನೆ ಮುಂದುವರಿಸಬೇಕು, ಬೇಗನೆ ಮುಖ ಮುಚ್ಚಬಾರದು ಎಂದು ವಿಧಿಸಿದರು.

ಇಲ್ಲಿ ನಾವು ಒಂದು ವಿಷಯ ಗಮನಿಸಬೇಕು. ಆ ಕಾಲದಲ್ಲಿ ರೋಗಾಣುಗಳ ವಿಚಾರ ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂದು ವೈದ್ಯರು ನಂಬಿದ್ದರು. ಕಮಿಲ್ಲಸರು ರೋಗಿಯನ್ನು ತೊಳೆದದ್ದು ಸೋಂಕು ತಡೆಯುವ ಲೆಕ್ಕಾಚಾರದಿಂದಲ್ಲ. ರೋಗಿಯಲ್ಲಿ ಅವರು ಕಂಡದ್ದು ಕ್ರಿಸ್ತರನ್ನು. ಪ್ರಭುವನ್ನು ಕೊಳಕಿನಲ್ಲಿ ಮಲಗಿಸಲಾದೀತೇ? ಅವರ ತರ್ಕ ಇಷ್ಟು ಸರಳವಾಗಿತ್ತು.

1590–91ರ ರೋಮ್

ಆ ತರ್ಕದ ನಿಜವಾದ ಪರೀಕ್ಷೆ ನಡೆದದ್ದು 1590–91ರಲ್ಲಿ. ಬೆಳೆ ಕೈಕೊಟ್ಟು ಇಟಲಿಯಲ್ಲಿ ಭೀಕರ ಬರ ಬಂತು. ಹಳ್ಳಿಗಳಿಂದ ಹಸಿದ ಜನ ರೋಮಿಗೆ ಗುಳೆ ಬಂದರು. ಅದೇ ಹೊತ್ತಿಗೆ ಆಡಳಿತವೂ ಅಸ್ಥಿರವಾಗಿತ್ತು. 1590ರ ಆಗಸ್ಟಿನಿಂದ 1591ರ ಡಿಸೆಂಬರ್ ತನಕದ ಹದಿನಾರು ತಿಂಗಳುಗಳಲ್ಲಿ ನಾಲ್ವರು ಪೋಪರು ತೀರಿಕೊಂಡರು. ಬರದ ಬೆನ್ನಿಗೆ ಚಳಿ, ಚಳಿಯ ಬೆನ್ನಿಗೆ ಸಾಂಕ್ರಾಮಿಕ ಜ್ವರ. ಆಸ್ಪತ್ರೆಗಳು ತುಂಬಿ ತುಳುಕಿದವು.

ಊರು ಬಿಟ್ಟು ಬಂದವರಿಗೆ ರೋಮಿನಲ್ಲಿ ಮನೆ ಎಲ್ಲಿಯದು? ಪುರಾತನ ಕಟ್ಟಡಗಳ ಪಾಳು ಕಮಾನುಗಳ ಅಡಿಯಲ್ಲಿ, ಗುಹೆಗಳಲ್ಲಿ, ಕುದುರೆ ಲಾಯಗಳಲ್ಲಿ ಅವರು ಮುದುಡಿ ಮಲಗಿದರು. ಆಸ್ಪತ್ರೆಯ ಬಾಗಿಲ ತನಕ ನಡೆಯುವ ಶಕ್ತಿಯೂ ಅವರಲ್ಲಿ ಇರಲಿಲ್ಲ. ಅವರು ಬರುವುದನ್ನು ಕಾಯದೆ ಕಮಿಲ್ಲಸರು ಮತ್ತು ಸಹೋದರರು ತಾವೇ ಹುಡುಕಿಕೊಂಡು ಹೊರಟರು. ಪಾಳು ಗೋಡೆಗಳ ನಡುವೆ, ಲಾಯಗಳ ಹುಲ್ಲಿನಲ್ಲಿ ಬಿದ್ದವರ ಬಳಿಗೆ ರೊಟ್ಟಿ ಮತ್ತು ಬಟ್ಟೆ ಒಯ್ದರು. ಏಳಲಾಗದವರನ್ನು ಹೊತ್ತು ತಂದರು. ಆಸ್ಪತ್ರೆಯಲ್ಲಿ ಮಾಡುತ್ತಿದ್ದ ಸೇವೆಯನ್ನೇ ಬೀದಿಗೆ ಕೊಂಡೊಯ್ದರು. ತಮ್ಮ ಮನೆಯಲ್ಲಿದ್ದುದನ್ನೂ ಹಂಚಿದರು. ಈ ಸೇವೆಯಲ್ಲಿ ರೋಗ ತಗುಲಿ ಸಹೋದರರಲ್ಲಿ ಕೆಲವರು ಪ್ರಾಣ ತೆತ್ತರು.

ಅದೇ ನಗರದಲ್ಲಿ, ಅದೇ ದಿನಗಳಲ್ಲಿ, ಯೇಸು ಸಭೆಯ ಯುವ ವಿದ್ಯಾರ್ಥಿಯೊಬ್ಬರು ಬೀದಿಯಲ್ಲಿ ಬಿದ್ದಿದ್ದ ರೋಗಿಯನ್ನು ಹೊತ್ತು ಆಸ್ಪತ್ರೆಗೆ ಸೇರಿಸಿ ತಾವೂ ರೋಗಕ್ಕೆ ತುತ್ತಾದರು. 1591ರ ಜೂನ್ 21ರಂದು, ಇಪ್ಪತ್ತಮೂರರ ವಯಸ್ಸಿನಲ್ಲಿ ತೀರಿಕೊಂಡ ಅವರೇ ಸಂತ ಅಲೋಶಿಯಸ್ ಗೊನ್ಝಾಗ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಕಾಲೇಜಿಗೆ ಅವರ ಹೆಸರನ್ನೇ ಇಡಲಾಗಿದೆ. ಆ ಗುಡ್ಡದ ಮೇಲಿನ ಪ್ರಾರ್ಥನಾಲಯದ ಚಿತ್ರಗಳನ್ನು ನೋಡಲು ಹೋಗುವ ನಾವು, ಆ ಸಂತರು ಒಂದು ಸಾಂಕ್ರಾಮಿಕದ ಕಾಲದಲ್ಲಿ ಬೀದಿಯವರ ಸೇವೆ ಮಾಡುತ್ತಾ ಮಡಿದವರು ಎಂಬುದನ್ನು ನೆನೆಯುವುದು ಒಳ್ಳೆಯದು.

ಬರ, ಯುದ್ಧ, ಜನಜಂಗುಳಿ ಇದ್ದಲ್ಲೆಲ್ಲ ಹಿಂದೆ ಹೆಚ್ಚಾಗಿ ಹರಡುತ್ತಿದ್ದ ಒಂದು ಮಾರಕ ಜ್ವರವೆಂದರೆ ಟೈಫಸ್. ಅದು ಹರಡುವುದು ಹೇಗೆಂದು ಕಂಡುಹಿಡಿದದ್ದು 1909ರಲ್ಲಿ, ಟ್ಯೂನಿಸ್ ನಗರದಲ್ಲಿದ್ದ ಫ್ರೆಂಚ್ ವೈದ್ಯ ಚಾರ್ಲ್ಸ್ ನಿಕೋಲ್. ಆಸ್ಪತ್ರೆಯ ಬಾಗಿಲ ಹೊರಗೆ ಇತರರಿಗೆ ರೋಗ ಹರಡುತ್ತಿದ್ದ ರೋಗಿ, ಸ್ನಾನ ಮಾಡಿಸಿ ಬಟ್ಟೆ ಬದಲಿಸಿ ಒಳಗೆ ಸೇರಿಸಿದ ಮೇಲೆ ಯಾರಿಗೂ ಹರಡುತ್ತಿರಲಿಲ್ಲ. ಆದರೆ ರೋಗಿಗಳ ಹಳೆ ಬಟ್ಟೆ ಮುಟ್ಟಿದ ಕೆಲಸಗಾರರಿಗೆ ರೋಗ ಬರುತ್ತಿತ್ತು. ಇದನ್ನು ಗಮನಿಸಿದ ಅವರು, ಬಟ್ಟೆಯಲ್ಲಿ ವಾಸಿಸುವ ಹೇನು ರೋಗವನ್ನು ಹೊತ್ತೊಯ್ಯುತ್ತದೆ ಎಂದು ಪ್ರಯೋಗಗಳಿಂದ ತೋರಿಸಿಕೊಟ್ಟರು. ಈ ಸಂಶೋಧನೆಗೆ 1928ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸ್ನಾನ ಮತ್ತು ಒಗೆದ ಬಟ್ಟೆ ಎಷ್ಟೋ ಜೀವಗಳನ್ನು ಉಳಿಸುತ್ತದೆ ಎಂಬುದನ್ನು ವಿಜ್ಞಾನ ಹೀಗೆ ಸಾಬೀತುಪಡಿಸಿತು. ಕಮಿಲ್ಲಸರ ಪ್ರೀತಿ ಆ ದಾರಿಯನ್ನು ಮುನ್ನೂರು ವರ್ಷ ಮೊದಲೇ ಹಿಡಿದಿತ್ತು.

ನಾಲ್ಕನೆಯ ವ್ರತ

1591ರ ಸೆಪ್ಟೆಂಬರಿನಲ್ಲಿ ಪೋಪ್ ಹದಿನಾಲ್ಕನೇ ಗ್ರೆಗೊರಿಯವರು ಈ ತಂಡವನ್ನು ಪೂರ್ಣ ಧಾರ್ಮಿಕ ಸಭೆಯನ್ನಾಗಿ ಮಾಡಿದರು. ಡಿಸೆಂಬರ್ 8ರಂದು ಕಮಿಲ್ಲಸರೂ ಸಹೋದರರೂ ವ್ರತ ಸ್ವೀಕರಿಸಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರರ ಜೊತೆ ಅವರಿಗೆ ನಾಲ್ಕನೆಯದೊಂದಿತ್ತು: ಪ್ರಾಣಾಪಾಯವಿದ್ದರೂ, ಪ್ಲೇಗ್ ರೋಗವಿದ್ದರೂ ರೋಗಿಗಳ ಸೇವೆ ಬಿಡುವುದಿಲ್ಲ.

ಅದು ಬರೀ ಮಾತಾಗಿರಲಿಲ್ಲ. ಅದಕ್ಕೂ ಮೊದಲೇ ನೇಪಲ್ಸ್ ನಗರದಲ್ಲಿ ಸಾಂಕ್ರಾಮಿಕ ತಗುಲಿದ ಹಡಗುಗಳನ್ನು ಬಂದರಿನೊಳಗೆ ಬಿಡದಿದ್ದಾಗ ಈ ಸಹೋದರರು ಹಡಗು ಹತ್ತಿ ಸೇವೆ ಮಾಡಿದ್ದರು. ಅವರಲ್ಲಿ ಇಬ್ಬರು ಅಲ್ಲಿ ತಗುಲಿದ ರೋಗದಿಂದ ತೀರಿಕೊಂಡರು. 1595ರಲ್ಲೂ 1601ರಲ್ಲೂ ಹಂಗೇರಿ ಮತ್ತು ಕ್ರೊಯೇಷಿಯಾದಲ್ಲಿ ಯುದ್ಧ ನಡೆದಾಗ ಗಾಯಾಳುಗಳ ಸೇವೆಗೆ ಹೊರಟರು. 1598ರ ಕ್ರಿಸ್‌ಮಸ್ ಹೊತ್ತಿಗೆ ಟೈಬರ್ ನದಿ ಉಕ್ಕಿ ಬಂದಾಗ ಕಮಿಲ್ಲಸರು ಸಂತೊ ಸ್ಪಿರಿತೊ ಆಸ್ಪತ್ರೆಯ ಕೆಳಗಿನ ವಾರ್ಡಿನಿಂದ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಬೆನ್ನ ಮೇಲೆ ಹೊತ್ತು ಮೇಲಂತಸ್ತಿಗೆ ಸಾಗಿಸಿದರು. ಅವರು ಸಾಗಿಸಿದ ಮೇಲೆ ವಾರ್ಡಿನಲ್ಲಿ ನೀರು ತುಂಬಿತು. 1600ರಲ್ಲಿ ನೋಲಾ ಪಟ್ಟಣದಲ್ಲಿ ಸಾಂಕ್ರಾಮಿಕ ಹಬ್ಬಿದಾಗಲೂ ಅಲ್ಲಿಗೆ ಧಾವಿಸಿದರು.

ಗುಡಿಸುವುದು ಯಾರ ಕೆಲಸ?

ಇಂಥ ಸಂತರಿಗೆ ಅತ್ಯಂತ ನೋವು ತಂದದ್ದು ಪ್ಲೇಗ್ ಅಲ್ಲ, ತಮ್ಮವರೊಳಗಿನ ಒಂದು ವಾದ. 1594ರಲ್ಲಿ ಮಿಲಾನಿನ ದೊಡ್ಡ ಆಸ್ಪತ್ರೆಯಲ್ಲಿ ಕಮಿಲ್ಲಸರು ರೋಗಿಗಳ ಸಂಪೂರ್ಣ ಸೇವೆಯನ್ನು ಒಪ್ಪಿಕೊಂಡರು. ಪ್ರಾರ್ಥನೆ, ಸಂಸ್ಕಾರಗಳಷ್ಟೇ ಅಲ್ಲ, ಗುಡಿಸುವುದು, ಹಾಸಿಗೆ ಹಾಸುವುದು, ತೊಳೆಯುವುದು ಎಲ್ಲವೂ ತಮ್ಮ ಸಹೋದರರದೇ ಕೆಲಸವೆಂದರು. ಸಭೆಯ ಅನೇಕರು ಇದನ್ನು ಒಪ್ಪಲಿಲ್ಲ. ಆತ್ಮಗಳ ಆರೈಕೆ ನಮ್ಮ ಕೆಲಸ, ಕಸ ತೆಗೆಯಲು ಆಳುಗಳಿದ್ದಾರೆ ಎಂಬುದು ಅವರ ನಿಲುವು. ಸಭೆಯ ಮೇಲೆ ಸಾಲದ ಹೊರೆಯೂ ಬೆಳೆದಿತ್ತು. ಆದ್ದರಿಂದ ಅವರ ಆತಂಕ ಪೂರ್ತಿ ಅಕಾರಣವೂ ಆಗಿರಲಿಲ್ಲ. ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ ಪೋಪ್ ಎಂಟನೇ ಕ್ಲೆಮೆಂಟ್ ಅವರ ಕಾಲದಲ್ಲಿ ಮಧ್ಯದ ದಾರಿಯೊಂದನ್ನು ಕಂಡುಕೊಳ್ಳಲಾಯಿತು. 1607ರಲ್ಲಿ ಕಮಿಲ್ಲಸರು ಸಭೆಯ ಮುಖ್ಯಸ್ಥರ ಹುದ್ದೆಯನ್ನೇ ಬಿಟ್ಟುಕೊಟ್ಟರು. ಹುದ್ದೆ ಬಿಟ್ಟರೂ ರೋಗಿಗಳ ಹಾಸಿಗೆಯ ಪಕ್ಕದ ಜಾಗ ಬಿಡಲಿಲ್ಲ.

ಈ ವಾದ ನಮ್ಮ ನಾಡಿಗೆ ಹೊಸತೇ? ಕಸ ತೆಗೆಯುವ ಕೈಗಳನ್ನು ಕೀಳೆಂದು ಕಾಣುವ ಪಿಡುಗು ನಮ್ಮಲ್ಲಿ ಇನ್ನೂ ಪೂರ್ಣ ಅಳಿದಿಲ್ಲ. ಪ್ರತಿವರ್ಷ ಪವಿತ್ರ ಗುರುವಾರದಂದು ನಮ್ಮ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಆ ಪಾದಗಳನ್ನು ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಬಂದಿರುತ್ತೇವೆ. ಕಮಿಲ್ಲಸರು ತೊಳೆದದ್ದು ನಿಜವಾಗಿಯೂ ಕೊಳಕಾಗಿದ್ದ ಪಾದಗಳನ್ನು.

ಅವರ ಸ್ವಂತ ಕಾಲಿನ ಹುಣ್ಣು ನಲವತ್ತಕ್ಕೂ ಹೆಚ್ಚು ವರ್ಷ ಸೋರುತ್ತಲೇ ಇತ್ತು. ಅದರ ಮೇಲೆ ಇತರ ಕಾಯಿಲೆಗಳೂ ಕೂಡಿದವು. ಇವೆಲ್ಲ ದೇವರು ತಮ್ಮ ಮೇಲೆ ತೋರಿದ ಕರುಣೆಗಳೆಂದೇ ಅವರು ಎಣಿಸುತ್ತಿದ್ದರು. ನಿಲ್ಲಲಾಗದ ದಿನಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ತೆವಳುವಂತೆ ಸಾಗಿ ರೋಗಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರು. 1614ರ ಜುಲೈ 14ರಂದು, ಅರವತ್ತನಾಲ್ಕನೇ ವಯಸ್ಸಿನಲ್ಲಿ, ರೋಮಿನಲ್ಲಿ ಪ್ರಭುವಿನಲ್ಲಿ ನಿದ್ರೆ ಹೋದರು. ಅಲ್ಲಿನ ಸಂತ ಮರಿಯ ಮಗ್ದಲೇನಳ ಇಗರ್ಜಿಯಲ್ಲಿ ಅವರ ಸಮಾಧಿಯಿದೆ. 1746ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಅವರು ಸಂತ ಪದವಿ ನೀಡಿದರು. 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಅವರು, ದೇವರ ಸಂತ ಯೊವಾನ್ನರೊಂದಿಗೆ ಕಮಿಲ್ಲಸರನ್ನು ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರೆಂದು ಘೋಷಿಸಿದರು. 1930ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಅವರು ಇವರಿಬ್ಬರನ್ನೂ ದಾದಿಯರ ಪಾಲಕರೆಂದು ಸಾರಿದರು. ಕಮಿಲ್ಲಿಯನ್ ಸಭೆಯ ಗುರುಗಳು 1980ರಿಂದ ಭಾರತದಲ್ಲೂ ಸೇವೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ ಎಚ್‌ಐವಿ ಪೀಡಿತರ ಆರೈಕೆಯನ್ನೂ ಅವರು ಕೈಗೆತ್ತಿಕೊಂಡರು.

ರೋಮಿನಲ್ಲಿ ಮತ್ತೆ ತೆರೆದ ನೀರು

ಕಮಿಲ್ಲಸರು ದುಡಿದ ಸಂತೊ ಸ್ಪಿರಿತೊ ಆಸ್ಪತ್ರೆಯಿಂದ ಸಂತ ಪೇತ್ರರ ಚೌಕಕ್ಕೆ ಕೆಲವೇ ನಿಮಿಷದ ನಡಿಗೆ. 2014ರಲ್ಲಿ ಪೋಪರ ದಾನಧರ್ಮದ ಹೊಣೆ ಹೊತ್ತಿದ್ದ ಧರ್ಮಾಧ್ಯಕ್ಷ ಕೊನ್ರಾಡ್ ಕ್ರಾಯೆವ್ಸ್ಕಿ ಅವರು ಆ ಪರಿಸರದ ಬೀದಿಯಲ್ಲಿ ಮಲಗುತ್ತಿದ್ದ ಒಬ್ಬರನ್ನು ಊಟಕ್ಕೆ ಕರೆದರು. ಅಂದು ಆ ಮನುಷ್ಯರ ಐವತ್ತನೇ ಹುಟ್ಟುಹಬ್ಬ. ಅವರು ಬರಲು ಹಿಂಜರಿದರು. ತಮ್ಮ ಮೈ ನಾರುತ್ತಿದೆ ಎಂಬ ನಾಚಿಕೆ. ರೋಮಿನಲ್ಲಿ ಹಸಿದವನಿಗೆ ತಿನ್ನಲು ಹೇಗೋ ಸಿಗುತ್ತದೆ, ಸ್ನಾನಕ್ಕೆ ಮಾತ್ರ ಜಾಗವಿಲ್ಲ ಎಂದು ಅವರು ತೋಡಿಕೊಂಡರು. ಆ ಮಾತು ವ್ಯರ್ಥವಾಗಲಿಲ್ಲ. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, 2015ರ ಫೆಬ್ರವರಿಯಲ್ಲಿ, ಸಂತ ಪೇತ್ರರ ಚೌಕದ ಕಂಬಸಾಲಿನ ಪಕ್ಕದಲ್ಲೇ ಮನೆಯಿಲ್ಲದವರಿಗಾಗಿ ಸ್ನಾನದ ಕೋಣೆಗಳು ತೆರೆದವು. ವಾರದಲ್ಲಿ ಒಂದು ದಿನ ಕ್ಷೌರಿಕರೂ ಬಂದು ಉಚಿತವಾಗಿ ಸೇವೆ ಸಲ್ಲಿಸಿದರು. ಜಗತ್ತಿನ ಅತ್ಯಂತ ಪ್ರಸಿದ್ಧ ಇಗರ್ಜಿಯ ಅಂಗಳದಲ್ಲಿ ಬಚ್ಚಲು ಮನೆಗೆ ಜಾಗ ಸಿಕ್ಕಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಬಾವಿಯಿದೆ, ಟ್ಯಾಂಕಿಯಿದೆ, ಸಭಾಭವನದ ಹಿಂದೆ ಮದುವೆಯ ದಿನಗಳಲ್ಲಿ ಮಾತ್ರ ತೆರೆಯುವ ಶೌಚಾಲಯ, ಸ್ನಾನಗೃಹಗಳಿವೆ. ಉಳಿದ ದಿನ ಅವುಗಳಿಗೆ ಬೀಗ. ವಾರದಲ್ಲಿ ಒಂದು ಬೆಳಿಗ್ಗೆಯಾದರೂ ಆ ಬೀಗ ತೆಗೆಯಲಾಗದೇ? ಒಂದು ಸಾಬೂನು, ಒಂದು ಬೈರಾಸು, ಒಗೆದು ಮಡಚಿದ ಒಂದು ಜೊತೆ ಬಟ್ಟೆ, ಮಹಿಳೆಯರಿಗೆ ಬಾಗಿಲಿಗೆ ಚಿಲಕವಿರುವ ಕೋಣೆ ಮತ್ತು ಅವರ ತಿಂಗಳ ದಿನಗಳಿಗೆ ಬೇಕಾದ ವಸ್ತುಗಳು. ಕ್ಷೌರ ಬಲ್ಲವರೊಬ್ಬರು ತಿಂಗಳಿಗೆ ಎರಡು ಗಂಟೆ ಕೊಟ್ಟರೂ ಸಾಕು. ಇದಕ್ಕೆ ದೊಡ್ಡ ಹಣ ಬೇಡ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಯುವಜನರು, ವಾರ್ಡಿನ ಗುರಿಕಾರರು ಕೂಡಿ ಕುಳಿತರೆ ಆಗುವ ಕೆಲಸ. ಸ್ವಚ್ಛವಾಗಿಡುವುದು ಯಾರು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಕಮಿಲ್ಲಸರ ಸಭೆಯಲ್ಲೂ ಬಂದಿತ್ತು. ಕಮಿಲ್ಲಸರು ಮಾತಿನಿಂದ ಉತ್ತರಿಸುವ ಮೊದಲೇ ಪೊರಕೆ ಹಿಡಿದಿದ್ದರು.

ಮತ್ತೊಂದು ಸಾಂಕ್ರಾಮಿಕ ಯಾವಾಗ ಬರುತ್ತದೋ ದೇವರೇ ಬಲ್ಲರು. ಬಂದ ದಿನ ಬಾಗಿಲು ತೆರೆಯುವ ಅಭ್ಯಾಸ ಇರಬೇಕಾದರೆ ಇಂದೇ ತೆರೆದು ನೋಡಬೇಕು. ಇಗರ್ಜಿಯ ಮೆಟ್ಟಿಲಲ್ಲಿ ಕುಳಿತ, ಮೈ ನಾರುವ ಆ ಅಪರಿಚಿತ ನಾಳೆ ಏನಾಗಬಹುದೆಂದು ನಾವೇನು ಬಲ್ಲೆವು? ಮನ್‌ಫ್ರೆದೋನಿಯಾದ ಮೆಟ್ಟಿಲಲ್ಲಿ ಕುಳಿತಿದ್ದವರು ಸಂತರ ಸಾಲು ಸೇರಿದರು.

ರೋಗಿಗಳಲ್ಲಿ ನಿಮ್ಮನ್ನೇ ಕಂಡು ಸೇವಿಸಿದ ಸಂತ ಕಮಿಲ್ಲಸರ ಮನಸ್ಸನ್ನು ಪ್ರಭುವೇ ನಮಗೂ ದಯಪಾಲಿಸಿರಿ. ನಮ್ಮ ಆಸ್ಪತ್ರೆಗಳಲ್ಲಿ ರಾತ್ರಿ ಎಚ್ಚರವಿದ್ದು ದುಡಿಯುವ ದಾದಿಯರನ್ನೂ, ಕಸ ಗುಡಿಸಿ ನೆಲ ಒರೆಸುವ ಕೆಲಸಗಾರರನ್ನೂ, ಈ ರಾತ್ರಿ ಬೀದಿಯಲ್ಲಿ ಮಲಗುವ ಎಲ್ಲರನ್ನೂ ಆಶೀರ್ವದಿಸಿರಿ. ಸಂತ ಕಮಿಲ್ಲಸರೇ, ನಮಗಾಗಿ ಪ್ರಾರ್ಥಿಸಿರಿ.